ಕಬ್ಬಿನ ಹಂಗಾಮಿನ ಹೊಗೆಯೂ ಮನೆಯ ವಾಯುಶೋಧಕವೂ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಘಟಪ್ರಭೆಯೇ ಜೀವನಾಡಿ. ಧೂಪದಾಳದ ಒಡ್ಡಿನಿಂದಲೂ ಹಿಡಕಲ್ ಜಲಾಶಯದಿಂದಲೂ ಹರಿದುಬರುವ ನೀರು ಈ ನೆಲವನ್ನು ಕಬ್ಬಿನ ನಾಡನ್ನಾಗಿ ಮಾಡಿದೆ. ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯೂ ಈ ನಾಡಿನ ಊರುಗಳಲ್ಲೊಂದು. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯುವ ಹಂಗಾಮು ಮೊದಲಾಗುತ್ತದೆ. ಸಕ್ಕರೆ ಕಾರ್ಖಾನೆಗಳ ಕುಲುಮೆಗಳಲ್ಲಿಯೂ ಬೆಲ್ಲದ ಗಾಣಗಳ ಒಲೆಗಳಲ್ಲಿಯೂ ಕಬ್ಬಿನ ಸಿಪ್ಪೆ ಉರಿಯುತ್ತದೆ. ಕಟಾವಾದ ಹೊಲಗಳಲ್ಲಿ ಉಳಿದ ಒಣ ಎಲೆಗೆ, ಎಂದರೆ ರವದಿಗೆ, ಅನೇಕರು ಬೆಂಕಿಯಿಡುತ್ತಾರೆ. ಇವುಗಳ ಹೊಗೆಯೊಡನೆ ಟ್ರಾಕ್ಟರುಗಳು ಎಬ್ಬಿಸುವ ಧೂಳೂ ಅಡುಗೆಮನೆಯ ಕಟ್ಟಿಗೆಯ ಹೊಗೆಯೂ ಸೇರಿ, ಹಿಂಗಾರಿನ ದಿನಗಳ ಗಾಳಿ ಮಲಿನವಾಗುತ್ತದೆ.

ದಿಲ್ಲಿಯಂಥ ನಗರಗಳಲ್ಲಿ ಚಳಿಗಾಲದ ಹೊಗೆಯಿಂದ ಪಾರಾಗಲು ಅನುಕೂಲಸ್ಥರು ಮನೆಯಲ್ಲಿ ವಾಯುಶೋಧಕವನ್ನು ಇಟ್ಟುಕೊಳ್ಳುವುದು ಈಗ ರೂಢಿಯಾಗಿದೆ. ಅಂಗಡಿಗಳಲ್ಲಿ ಏರ್ ಪ್ಯೂರಿಫೈಯರ್ ಎಂಬ ಹೆಸರಿನಿಂದ ಮಾರುವ ಈ ಯಂತ್ರವು ಕಬ್ಬಿನ ಸೀಮೆಯ ಮನೆಗಳಲ್ಲಿ ಎಷ್ಟು ಕೆಲಸ ಮಾಡೀತು? ಉಬ್ಬಸದ ಮಗುವೋ ವಯಸ್ಸಾದ ಅಜ್ಜಿಯೋ ಇರುವ ಮನೆಗೆ ಈ ಪ್ರಶ್ನೆ ಅತ್ಯಂತ ಮುಖ್ಯವಾದುದು. ಇದಕ್ಕೆ ಉತ್ತರ ಕೊಡಬೇಕಾದರೆ ಹೊಗೆಯ ಸ್ವಭಾವವನ್ನೂ ಯಂತ್ರದ ಸ್ವಭಾವವನ್ನೂ ತಿಳಿಯಬೇಕು.

ಹೊಗೆಯು ನೆಲ ಹಿಡಿಯುವ ಬಗೆ

ಸಾಮಾನ್ಯವಾಗಿ ನೆಲದ ಹತ್ತಿರದ ಗಾಳಿ ಬೆಚ್ಚಗಿದ್ದು, ಮೇಲೆ ಹೋದಂತೆ ತಂಪಾಗುತ್ತದೆ. ಬೆಚ್ಚಗಿನ ಗಾಳಿ ಹಗುರವಾದುದರಿಂದ ಮೇಲೇರುತ್ತದೆ. ತನ್ನೊಡನೆ ಹೊಗೆಯನ್ನೂ ಒಯ್ದು ಚದುರಿಸುತ್ತದೆ. ಆದರೆ ಚಳಿಗಾಲದ ನಿರ್ಮಲ ರಾತ್ರಿಗಳಲ್ಲಿ ನೆಲವು ತನ್ನ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ಆಗ ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ಇದಕ್ಕೆ ಉಷ್ಣತೆಯ ವಿಲೋಮವೆಂದು ಹೆಸರು. ಮೇಲಿನ ಬೆಚ್ಚಗಿನ ಪದರವು ಪಾತ್ರೆಗೆ ಮುಚ್ಚಳವಿಟ್ಟಂತೆ ಹೊಗೆಯನ್ನು ತಡೆಯುತ್ತದೆ. ಮುಂಜಾನೆ ಊರ ಮೇಲೆ ಹೊಗೆ ಪದರವಾಗಿ ನಿಂತಿರುವುದೂ ಬಿಸಿಲೇರಿದ ಮೇಲೆ ಅದು ಕರಗುವುದೂ ಇದೇ ಕಾರಣದಿಂದ.

ಈ ಹೊಗೆಯಲ್ಲಿ ನಮಗೆ ಹೆಚ್ಚು ಅಪಾಯಕರವಾದುದು ಕಣ್ಣಿಗೆ ಕಾಣುವ ಮಸಿಯಲ್ಲ. 2.5 ಮೈಕ್ರಾನಿಗಿಂತ ಚಿಕ್ಕದಾದ ಕಣಗಳೇ ನಿಜವಾದ ಶತ್ರುಗಳು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪವು ಸುಮಾರು 50ರಿಂದ 70 ಮೈಕ್ರಾನ್ ಇರುತ್ತದೆಂದರೆ ಈ ಕಣಗಳ ಸೂಕ್ಷ್ಮತೆಯನ್ನು ಊಹಿಸಬಹುದು. ದಪ್ಪ ಧೂಳನ್ನು ಮೂಗು ಗಂಟಲುಗಳು ತಡೆಯುತ್ತವೆ. ಇವಾದರೋ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನಮೀಟರು ಗಾಳಿಯಲ್ಲಿ ಇವುಗಳ ತೂಕ ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಮಿಗೆ ಮೀರಬಾರದೆಂದು 2009ರ ಭಾರತದ ಮಾನಕವು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಇನ್ನೂ ಕಡಿಮೆ; ಅದು ಬರಿಯ 15.

ಶೋಧಕವು ಜರಡಿಯಲ್ಲ

ವಾಯುಶೋಧಕದ ಒಳಗೆ ಇರುವುದು ಒಂದು ಬೀಸಣಿಗೆ ಮತ್ತು ಮಡಿಕೆ ಮಡಿಕೆಯಾದ ಒಂದು ನಾರುಹಾಳೆ. ಈ ಹಾಳೆಯನ್ನು ಹೆಪಾ ಶೋಧಕವೆನ್ನುತ್ತಾರೆ. 1940ರ ದಶಕದಲ್ಲಿ, ಅಮೆರಿಕದ ಪರಮಾಣು ಯೋಜನೆಯಲ್ಲಿ ವಿಕಿರಣಶೀಲ ಧೂಳನ್ನು ತಡೆಯುವುದಕ್ಕಾಗಿ ಈ ಬಗೆಯ ಶೋಧಕಗಳನ್ನು ಬೆಳೆಸಿದರು.

ಹಿಟ್ಟಿನ ಜರಡಿಯು ತನ್ನ ಕಣ್ಣುಗಳಿಗಿಂತ ದೊಡ್ಡದನ್ನು ತಡೆದು ಚಿಕ್ಕದನ್ನು ಬಿಡುತ್ತದೆ. ಹೆಪಾ ಶೋಧಕ ಹಾಗಲ್ಲ. ಅದರ ನಾರುಗಳ ನಡುವಣ ಅಂತರವು ಅದು ಹಿಡಿಯುವ ಕಣಗಳಿಗಿಂತ ಎಷ್ಟೋ ದೊಡ್ಡದು. ಹಾಗಾದರೆ ಕಣಗಳು ಸಿಕ್ಕಿಬೀಳುವುದು ಹೇಗೆ? ಗಾಳಿಯು ನಾರನ್ನು ಸುತ್ತಿಕೊಂಡು ಸಾಗುವಾಗ ದಪ್ಪ ಕಣವು, ಕಬ್ಬು ಹೇರಿದ ಗಾಡಿ ತಿರುವಿನಲ್ಲಿ ತಿರುಗಲಾರದೆ ನೇರಕ್ಕೆ ನುಗ್ಗುವಂತೆ, ಜಡತೆಯಿಂದ ನಾರಿಗೆ ಹೋಗಿ ಬಡಿಯುತ್ತದೆ. ನಡುಗಾತ್ರದ ಕಣವು ಗಾಳಿಯೊಡನೆ ತಿರುಗಿದರೂ ಮಗ್ಗುಲು ತಾಗಿ ಅಂಟಿಕೊಳ್ಳುತ್ತದೆ. ಅತಿ ಸಣ್ಣ ಕಣವು ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅತ್ತಿತ್ತ ಅಲೆಯುತ್ತ ಕೊನೆಗೆ ಯಾವುದಾದರೊಂದು ನಾರನ್ನು ಮುಟ್ಟುತ್ತದೆ. ಈ ಅಲೆದಾಟವೇ 1827ರಲ್ಲಿ ರಾಬರ್ಟ್ ಬ್ರೌನ್ ಕಂಡ, 1905ರಲ್ಲಿ ಐನ್‌ಸ್ಟೈನ್ ಗಣಿತದಿಂದ ವಿವರಿಸಿದ ಬ್ರೌನೀಯ ಚಲನೆ.

ಹೀಗೆ ದಪ್ಪನೆಯದೂ ಸಿಕ್ಕುತ್ತದೆ, ಅತಿ ಸಣ್ಣದೂ ಸಿಕ್ಕುತ್ತದೆ. ತಪ್ಪಿಸಿಕೊಳ್ಳಲು ಹೆಚ್ಚು ಅವಕಾಶವಿರುವುದು ಎರಡರ ನಡುವಿನ, ಸುಮಾರು 0.3 ಮೈಕ್ರಾನ್ ಗಾತ್ರದ ಕಣಕ್ಕೆ. ಆದುದರಿಂದಲೇ ಪರೀಕ್ಷೆಯನ್ನು ಆ ಗಾತ್ರದಲ್ಲಿಯೇ ನಡೆಸುತ್ತಾರೆ. ಅಂಥ ಕಣಗಳಲ್ಲಿಯೂ ನೂರಕ್ಕೆ 99.97ನ್ನು ಹಿಡಿದರೆ ಮಾತ್ರ ಅದು ಹೆಪಾ ಎನಿಸಿಕೊಳ್ಳುತ್ತದೆ.

ಕೋಣೆಯ ಲೆಕ್ಕ

ಶೋಧಕವು ಇಷ್ಟು ಸಮರ್ಥವಾಗಿದ್ದರೆ ಕೋಣೆಯ ಗಾಳಿಯೂ 99.97ರಷ್ಟು ಶುದ್ಧವಾಗಬೇಕಲ್ಲವೆ? ಇಲ್ಲ. ಹೊರಗಿನ ಗಾಳಿ ಒಳಗೆ ಬರುತ್ತಲೇ ಇರುತ್ತದೆ. ಇದನ್ನು ಒಂದು ಉದಾಹರಣೆಯಿಂದ ನೋಡೋಣ.

12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾತ್ರ 1200 ಘನ ಅಡಿ, ಎಂದರೆ ಸುಮಾರು 34 ಘನಮೀಟರು. ಯಂತ್ರದ ಪೆಟ್ಟಿಗೆಯ ಮೇಲೆ ‘ಸಿ.ಎ.ಡಿ.ಆರ್.’ ಎಂಬ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಅದು ಯಂತ್ರವು ಗಂಟೆಗೆ ಎಷ್ಟು ಘನಮೀಟರು ಶುದ್ಧ ಗಾಳಿಯನ್ನು ಕೊಡುತ್ತದೆಂಬುದನ್ನು ತಿಳಿಸುತ್ತದೆ. ಆ ಸಂಖ್ಯೆ 170 ಇದ್ದರೆ ನಮ್ಮ ಕೋಣೆಯ ಗಾಳಿ ಗಂಟೆಗೆ 5 ಸಲ ಶೋಧಿತವಾದಂತಾಯಿತು. ಹೊರಗೆ ಕಣಗಳ ಪ್ರಮಾಣ 100 ಎಂದಿಟ್ಟುಕೊಳ್ಳೋಣ. ಒಳಗೆ ಹೊಗೆಯಿಲ್ಲದಿದ್ದರೆ, ತಾನಾಗಿ ಕೆಳಗೆ ಕೂರುವ ಕಣಗಳನ್ನು ಗಣಿಸದಿದ್ದರೆ, ಸೂತ್ರವು ಸುಲಭವಾದುದು: ಹೊರಗಿನ ಪ್ರಮಾಣವನ್ನು ಹೊರಗಾಳಿಯ ವಿನಿಮಯದ ಸಂಖ್ಯೆಯಿಂದ ಗುಣಿಸಿ, ವಿನಿಮಯ ಮತ್ತು ಶೋಧನೆ ಇವೆರಡರ ಮೊತ್ತದಿಂದ ಭಾಗಿಸಬೇಕು.

ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಹೊರಗಾಳಿಯು ಗಂಟೆಗೆ ಒಂದು ಸಲ ಮಾತ್ರ ಬದಲಾಗುವಂತಿದ್ದರೆ ಒಳಗಿನ ಪ್ರಮಾಣ 100ನ್ನು 6ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 17. ಹೆಂಚಿನ ಸಂದುಗಳಿಂದ ಗಂಟೆಗೆ 3 ಸಲ ಬದಲಾಗುವ ಮನೆಯಲ್ಲಿ 300ನ್ನು 8ರಿಂದ ಭಾಗಿಸಬೇಕು, ಸುಮಾರು 38. ಕಿಟಕಿಗಳನ್ನು ತೆರೆದಿಟ್ಟು ಗಂಟೆಗೆ 10 ಸಲ ಬದಲಾದರೆ 1000ವನ್ನು 15ರಿಂದ ಭಾಗಿಸಬೇಕು, 67. ಯಂತ್ರ ಒಂದೇ, ವಿದ್ಯುತ್ತಿನ ಖರ್ಚೂ ಒಂದೇ; ಫಲದಲ್ಲಿ ಮಾತ್ರ ನಾಲ್ಕು ಪಟ್ಟಿನ ಅಂತರ!

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ವಾಯುಶೋಧಕವು ಇಡೀ ಮನೆಗಲ್ಲ, ಮುಚ್ಚಬಲ್ಲ ಒಂದು ಕೋಣೆಗೆ ಮಾತ್ರ ಉಪಯುಕ್ತ. ಪಡಸಾಲೆಯಲ್ಲಿಟ್ಟರೆ ಹಣ ವ್ಯರ್ಥ. ಎರಡನೆಯದಾಗಿ, ರೋಗಿಯೋ ಮಗುವೋ ಮಲಗುವ ಕೋಣೆಯ ಸಂದುಗಳನ್ನು ಬಟ್ಟೆಯಿಂದಲೋ ಗಾರೆಯಿಂದಲೋ ಮುಚ್ಚುವುದು ಯಂತ್ರವನ್ನು ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಅಂಥ ಕೋಣೆಯಲ್ಲಿ ಯಂತ್ರವನ್ನು ಹಚ್ಚಿದ ಅರ್ಧ ಗಂಟೆಯಲ್ಲಿ ಬಹುಪಾಲು ಫಲ ದೊರೆಯುತ್ತದೆ. ಸಂಜೆಯಿಂದ ಮುಂಜಾನೆಯ ತನಕ ಮುಚ್ಚಿಟ್ಟು, ಬಿಸಿಲೇರಿ ಹೊಗೆ ಚದುರಿದ ಮೇಲೆ ಕಿಟಕಿಗಳನ್ನು ತೆರೆಯಬೇಕು. ಜನರು ಉಸಿರಾಡಿದ ಗಾಳಿ ಹೊರಹೋಗುವುದೂ ಅವಶ್ಯಕವಷ್ಟೆ. ಶೋಧಕದ ಹಾಳೆಯಲ್ಲಿ ಮಸಿ ತುಂಬಿದಂತೆ ಗಾಳಿಯ ಹರಿವು ಕುಗ್ಗುತ್ತದೆ. ಆದುದರಿಂದ ಹೊರಬಲೆಯನ್ನು ಆಗಾಗ ಶುಚಿಗೊಳಿಸಬೇಕು. ಹಾಳೆಯನ್ನು ಕಾಲಕಾಲಕ್ಕೆ ಬದಲಿಸಬೇಕು, ತೊಳೆಯಬಾರದು. ಓಜೋನ್ ಅನಿಲವನ್ನು ಉತ್ಪಾದಿಸಿ ಗಾಳಿಯನ್ನು ಶುದ್ಧಗೊಳಿಸುವುದಾಗಿ ಹೇಳುವ ಯಂತ್ರಗಳನ್ನು ದೂರವಿಡಬೇಕು; ಓಜೋನ್ ಶ್ವಾಸಕೋಶಕ್ಕೆ ಹಾನಿಕರ.

ಯಂತ್ರವು ಮಾಡಲಾರದ ಕೆಲಸ

ಹೆಪಾ ಶೋಧಕವು ಕಣಗಳನ್ನು ಹಿಡಿಯುತ್ತದೆಯೇ ಹೊರತು ಅನಿಲಗಳನ್ನಲ್ಲ. ಕೆಲವು ಯಂತ್ರಗಳಲ್ಲಿರುವ ಸಕ್ರಿಯ ಇದ್ದಲು ವಾಸನೆಯನ್ನೂ ಕೆಲವು ಅನಿಲಗಳನ್ನೂ ಹೀರಬಲ್ಲದು. ಆದರೆ ಕಾರ್ಬನ್ ಮೊನಾಕ್ಸೈಡನ್ನು ಎರಡೂ ತಡೆಯಲಾರವು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ವಿಷಾನಿಲವು ರಕ್ತದ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ, ಮಲಗಿದವರನ್ನು ಮಲಗಿದಲ್ಲಿಯೇ ಕೊಲ್ಲಬಲ್ಲದು. ಯಂತ್ರವು ಓಡುತ್ತಿದೆಯೆಂದು ನಂಬಿ, ಚಳಿ ಕಾಯಿಸಲು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಎಂದಿಗೂ ಇಡಬಾರದು. ಕಟ್ಟಿಗೆಯ ಒಲೆಯಿರುವ ಅಡುಗೆಮನೆಗೂ ಇದೇ ಮಾತು: ಅಲ್ಲಿ ಬೇಕಾದುದು ಹೊಗೆಗೂಡು, ತೆರೆದ ಕಿಟಕಿ ಅಥವಾ ಗ್ಯಾಸಿನ ಒಲೆ.

ಇನ್ನು ದೂರದ ಊರುಗಳಿಂದ ಬಂದು ಹೊಲದ ಬದಿಯಲ್ಲಿ ಜೋಪಡಿ ಹಾಕಿಕೊಂಡು ಕಬ್ಬು ಕಡಿಯುವ ಕುಟುಂಬಗಳಿವೆ. ರವದಿಯ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವರು ಅವರೇ. ಮುಚ್ಚುವುದಕ್ಕೆ ಬಾಗಿಲೇ ಇಲ್ಲದ ಜೋಪಡಿಯಲ್ಲಿ ವಾಯುಶೋಧಕವು ಏನು ಮಾಡೀತು? ಅವರಿಗೆ ಶುದ್ಧ ಗಾಳಿ ದೊರೆಯಬೇಕಾದರೆ ಹೊಲದಲ್ಲಿ ಬೆಂಕಿಯೇ ಬೀಳಬಾರದು.

ಲಂಡನ್ ನಗರದ ಅನುಭವವೂ ಇದನ್ನೇ ಹೇಳುತ್ತದೆ. 1952ರ ಡಿಸೆಂಬರಿನಲ್ಲಿ ಉಷ್ಣತೆಯ ವಿಲೋಮವು ಕಲ್ಲಿದ್ದಲಿನ ಹೊಗೆಯನ್ನು ಐದು ದಿನ ಆ ನಗರದ ಮೇಲೆ ಹಿಡಿದು ನಿಲ್ಲಿಸಿತು. ಸಾವಿರಾರು ಜನರು ಸತ್ತರು. ಅದಕ್ಕೆ ಪರಿಹಾರವಾಗಿ ಬಂದುದು 1956ರ ಶುದ್ಧ ವಾಯು ಶಾಸನ. ಅದು ಹೊಗೆಯ ಮೂಲವನ್ನೇ ನಿಯಂತ್ರಿಸಿತು.

ನಮ್ಮ ಹೊಲಗಳ ಮಟ್ಟಿಗೆ ಆ ಮೂಲವು ಬೆಲೆಯುಳ್ಳ ವಸ್ತುವೂ ಹೌದು. ಒಂದು ಹೆಕ್ಟೇರು ಕಬ್ಬಿನಿಂದ ಸುಮಾರು 8ರಿಂದ 10 ಟನ್ ರವದಿ ದೊರೆಯುತ್ತದೆ. ಸುಟ್ಟರೆ ಅದರಲ್ಲಿನ ಸಾರಜನಕವೂ ಇಂಗಾಲವೂ ಬಹುಮಟ್ಟಿಗೆ ಹೊಗೆಯಾಗಿ ಹೋಗುತ್ತವೆ. ಸಾಲುಗಳ ನಡುವೆ ಹರವಿದರೆ ಅದೇ ರವದಿ ತೇವವನ್ನು ಕಾಯುತ್ತದೆ, ಕಳೆಯನ್ನು ಅಡಗಿಸುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ತುಕ್ಕಾನಟ್ಟಿಯಲ್ಲಿಯೇ ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವಿದೆ. ರವದಿಯನ್ನು ಕೊಳೆಸುವ ಬಗೆಯನ್ನು ಕುರಿತು ರೈತರು ಅಲ್ಲಿ ವಿಚಾರಿಸಬಹುದು.

ರೋಗಿಯ ಕೋಣೆಗೆ ವಾಯುಶೋಧಕವು ಒಳ್ಳೆಯ ಆಸರೆ. ಊರಿಗೆ ಅದು ಪರಿಹಾರವಲ್ಲ. ಈ ಹಂಗಾಮಿನಲ್ಲಿ ವಿದ್ಯಾರ್ಥಿಗಳು ಒಂದು ತಿಂಗಳ ಕಾಲ ಪ್ರತಿದಿನ ಬೆಳಗ್ಗೆ 7 ಗಂಟೆಗೂ ಮಧ್ಯಾಹ್ನ 1 ಗಂಟೆಗೂ ಗಾಣದ ಹೊಗೆ ಎಷ್ಟು ಮೇಲೇರುತ್ತದೆ, ಎತ್ತ ವಾಲುತ್ತದೆ ಎಂಬುದನ್ನು ಬರೆದಿಡಲಿ. ಯಾವ ಹೊತ್ತಿನಲ್ಲಿ ತಮ್ಮ ಮನೆಯ ಕಿಟಕಿಗಳನ್ನು ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದನ್ನು ಆ ಬರಹದಿಂದಲೇ ಅವರು ತಿಳಿಯಬಲ್ಲರು.