ಫ್ರೀ ಥ್ರೋ: ಅದರ ನಿಯಮವೂ ಭೌತವಿಜ್ಞಾನವೂ

2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯಿತು. ಅದರ 'ಬಿ' ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ತಂಡವು ಕಜಾಕ್‌ಸ್ತಾನವನ್ನು 75–73 ಅಂಕಗಳಿಂದ ಸೋಲಿಸಿತು. ನಲವತ್ತು ನಿಮಿಷಗಳ ಓಟ, ನೆಗೆತ, ಬೆವರುಗಳೆಲ್ಲ ಮುಗಿದ ಮೇಲೆ ಉಳಿದ ಅಂತರ ಎರಡೇ ಅಂಕ. ಎರಡು ಫ್ರೀ ಥ್ರೋಗಳ ಬೆಲೆಯೂ ಅಷ್ಟೆ. ಯಾರೂ ಅಡ್ಡಬಾರದ, ಯಾರೂ ಕೈ ಚಾಚದ ಈ ಎಸೆತವನ್ನು ಅತಿ ಸುಲಭವೆಂದು ನೋಟಕರು ಬಗೆಯುವುದುಂಟು. ಹಾಗಿದ್ದರೆ ಅಮೆರಿಕದ ವೃತ್ತಿಪರ ಆಟಗಾರರು ಕೂಡ ಹಲವು ದಶಕಗಳಿಂದ ನೂರಕ್ಕೆ ಸುಮಾರು ಎಪ್ಪತ್ತೈದರಷ್ಟನ್ನೇ ಗುರಿ ಮುಟ್ಟಿಸುತ್ತಿರುವುದೇಕೆ?

ಮೊದಲು ನಿಯಮವನ್ನು ನೋಡೋಣ. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರಚಿಸಿದಾಗ ಫ್ರೀ ಥ್ರೋ ಎಂಬುದೇ ಇರಲಿಲ್ಲ. ಒಂದು ಪಕ್ಷದವರು ಸಾಲಾಗಿ ಮೂರು ತಪ್ಪು ಮಾಡಿದರೆ ಎದುರು ಪಕ್ಷಕ್ಕೆ ಒಂದು ಗೋಲು ಸಲ್ಲುತ್ತಿತ್ತು. ಎಸೆದು ಗಳಿಸುವ ದಂಡ ಕೆಲವೇ ವರ್ಷಗಳಲ್ಲಿ ಬಂದಿತು. ಬಹುಕಾಲ ತಂಡದ ನುರಿತ ಎಸೆತಗಾರನೊಬ್ಬನೇ ಎಲ್ಲ ದಂಡದೆಸೆತಗಳನ್ನೂ ಎಸೆಯುತ್ತಿದ್ದನು. ಪೆಟ್ಟು ತಿಂದವನೇ ಎಸೆಯಬೇಕೆಂಬ ಕಟ್ಟಳೆ ಅನಂತರದ್ದು. ಹಳೆಯ ಆ ಪದ್ಧತಿಯ ಕುರುಹು ಇಂದಿಗೂ ಒಂದೆಡೆ ಉಳಿದಿದೆ. ಅದೇ ಟೆಕ್ನಿಕಲ್ ಫೌಲ್.

ಎದುರಾಳಿಯ ಮೈಮುಟ್ಟಿ ಮಾಡಿದ ತಪ್ಪು ಪರ್ಸನಲ್ ಫೌಲ್. ಮೈಮುಟ್ಟದೆ ನಡತೆಯಿಂದ ಮಾಡಿದ ತಪ್ಪು ಟೆಕ್ನಿಕಲ್ ಫೌಲ್: ರೆಫರಿಯೊಡನೆ ಅಗೌರವದಿಂದ ಮಾತನಾಡುವುದು, ಆಟವನ್ನು ಬೇಕೆಂದೇ ತಡಮಾಡುವುದು, ಎದುರಾಳಿಯ ಕಣ್ಣ ಮುಂದೆ ಕೈ ಬೀಸಿ ನೋಟ ಮರೆಮಾಡುವುದು ಮುಂತಾದುವು. ಬೆಂಚಿನಲ್ಲಿ ಕುಳಿತ ಶಿಕ್ಷಕರೂ ಇದಕ್ಕೆ ಹೊರತಲ್ಲ. ಈಗಿನ ಅಂತರರಾಷ್ಟ್ರೀಯ ನಿಯಮದಂತೆ ಇದಕ್ಕೆ ದಂಡ ಒಂದು ಫ್ರೀ ಥ್ರೋ. ಅದನ್ನು ಆ ಕ್ಷಣವೇ ಎಸೆಯಬೇಕು. ಎಸೆಯುವವನನ್ನು ಎದುರು ತಂಡದ ಶಿಕ್ಷಕನು ಆರಿಸುತ್ತಾನೆ. ತಂಡದ ಅತ್ಯುತ್ತಮ ಗುರಿಕಾರನು ಮುಂದೆ ಬರುವುದು ಸಹಜವೇ. ಉಳಿದವರೆಲ್ಲರೂ ಫ್ರೀ ಥ್ರೋ ಗೆರೆಯ ನೇರಕ್ಕೂ ಮೂರಂಕದ ಗೆರೆಗೂ ಹಿಂದೆ ಸರಿದು ನಿಲ್ಲಬೇಕು. ಚೆಂಡು ಬಿದ್ದರೂ ಬೀಳದಿದ್ದರೂ ಆಟ ನಿಂತಿದ್ದಲ್ಲಿಂದಲೇ, ಆಗ ಚೆಂಡಿನ ಹಕ್ಕು ಯಾವ ತಂಡದ್ದಾಗಿತ್ತೋ ಅದರಿಂದಲೇ, ಮುಂದುವರಿಯುವುದು. ಒಬ್ಬ ಆಟಗಾರನಿಗೆ ಇಂತಹ ಫೌಲ್ ಎರಡಾದರೆ ಅವನು ಪಂದ್ಯದಿಂದ ಹೊರಗೆ. ನಾಲಗೆಯ ಒಂದು ಸಡಿಲ ಮಾತಿಗೆ ಎದುರಾಳಿಗೆ ಸರಾಸರಿ ಮುಕ್ಕಾಲು ಅಂಕವನ್ನು ದಾನ ಮಾಡಿದಂತೆ ಎಂದು ನಮ್ಮ ವಿದ್ಯಾರ್ಥಿ ಆಟಗಾರರು ಲೆಕ್ಕ ಹಾಕಿಕೊಳ್ಳಬಹುದು.

ಪರ್ಸನಲ್ ಫೌಲಿನ ಕೊನೆಯ ಎಸೆತಕ್ಕೆ ಮಾತ್ರ ಇಕ್ಕೆಲಗಳಲ್ಲಿ ರಕ್ಷಕರು ಮೂವರು, ಎಸೆಯುವ ತಂಡದವರಿಬ್ಬರು ನಿಲ್ಲಬಹುದು. ಚೆಂಡು ಕೈಬಿಡುವವರೆಗೆ ಅವರು ಕದಲಬಾರದು. ರಕ್ಷಕರು ಕದಲಿ ಎಸೆತ ತಪ್ಪಿದರೆ ಮತ್ತೊಂದು ಎಸೆತ ದೊರೆಯುತ್ತದೆ. ಎಸೆಯುವವನಿಗೂ ಕಟ್ಟುಗಳುಂಟು: ರೆಫರಿ ಚೆಂಡು ಕೊಟ್ಟ ಐದು ಸೆಕೆಂಡಿನೊಳಗೆ ಎಸೆಯಬೇಕು, ಎಸೆಯುವಂತೆ ನಟಿಸಿ ತಡೆಯಬಾರದು, ಚೆಂಡು ಬಳೆಯನ್ನು ಮುಟ್ಟುವವರೆಗೆ ಗೆರೆಯನ್ನು ತುಳಿಯಬಾರದು.

ಇನ್ನು ಭೌತವಿಜ್ಞಾನಕ್ಕೆ ಬರೋಣ. ಬಳೆಯು ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ; ಅದರ ಒಳವ್ಯಾಸ 45 ಸೆಂಟಿಮೀಟರ್. ಪುರುಷರ ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರ್. ಗೆರೆಯಿಂದ ಬಳೆಯ ಮಧ್ಯಕ್ಕೆ ಅಡ್ಡದೂರ 4.2 ಮೀಟರಿನಷ್ಟು. ನೆಟ್ಟಗೆ ಮೇಲಿನಿಂದ ನೋಡಿದರೆ ಬಳೆ ವಿಶಾಲವಾದ ದ್ವಾರ. ಆದರೆ ಚೆಂಡು ಓರೆಯಾಗಿ ಬರುತ್ತದೆ. ಚೆಂಡಿನ ಕಣ್ಣಿಗೆ, ಹಾಗೆನ್ನಬಹುದಾದರೆ, ಬಳೆಯು ಚಪ್ಪಟೆಯಾದ ಅಂಡಾಕೃತಿ. ಅಡ್ಡಗೆರೆಗೆ 32 ಡಿಗ್ರಿಗಿಂತ ಕಡಮೆ ಕೋನದಲ್ಲಿ ಇಳಿಯುವ ಚೆಂಡಿಗೆ ಬಳೆಯನ್ನು ಮುಟ್ಟದೆ ಒಳಹೋಗಲು ಎಡೆಯೇ ಇಲ್ಲ.

ಕೈಯಿಂದ ಚೆಂಡು ಬಿಡುವ ಎತ್ತರ 2.1 ಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟರೆ ಪಥವು ಪರವಲಯ. ಬಳೆಯನ್ನು ತಲಪಲು ಬೇಕಾದ ಕನಿಷ್ಠ ವೇಗ ಸೆಕೆಂಡಿಗೆ ಸುಮಾರು 7.2 ಮೀಟರ್, ಆಗ ಎಸೆತದ ಕೋನ 51 ಡಿಗ್ರಿಗಿಂತ ತುಸು ಹೆಚ್ಚು. ಈ ಕನಿಷ್ಠ ವೇಗದ ಪಥಕ್ಕೆ ಒಂದು ವಿಶೇಷ ಗುಣವುಂಟು. ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೂ ಚೆಂಡು ಬೀಳುವ ಸ್ಥಳ ಒಂದು ಸೆಂಟಿಮೀಟರಿನಷ್ಟೂ ಬದಲಾಗದು. ಕಲನಶಾಸ್ತ್ರ ಓದಿದವರಿಗೆ ಕಾರಣ ಕೂಡಲೇ ಹೊಳೆಯುವುದು: ಕನಿಷ್ಠ ಬಿಂದುವಿನಲ್ಲಿ ವಕ್ರರೇಖೆಯ ಇಳಿಜಾರು ಸೊನ್ನೆ. ವೇಗದ ವಿಷಯದಲ್ಲಿ ಮಾತ್ರ ಇಂತಹ ಕ್ಷಮೆಯಿಲ್ಲ. ನೂರಕ್ಕೆ ಒಂದರಷ್ಟು ವೇಗ ಹೆಚ್ಚಾದರೆ ಚೆಂಡು ಸುಮಾರು 11 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಬಳೆಯನ್ನು ಸೋಕದೆ ಇಳಿಯಲು ಇರುವ ಅವಕಾಶವಾದರೋ ಹಿಂದಕ್ಕೂ ಮುಂದಕ್ಕೂ ಮೂರು ಸೆಂಟಿಮೀಟರ್ ಚಿಲ್ಲರೆ! ಕೈಯ ಬಲವನ್ನು ಅಷ್ಟು ಸೂಕ್ಷ್ಮವಾಗಿ ಅಳೆದು ಕೊಡುವುದು ದಣಿದ ಸ್ನಾಯುಗಳಿಗೆ ಸಾಧಾರಣ ಕೆಲಸವಲ್ಲ.

ಕೋನವನ್ನು ಇನ್ನೂ ಏರಿಸಿದರೆ ದ್ವಾರ ಅಗಲವಾಗುತ್ತದೆ. ಆದರೆ ವೇಗ ಹೆಚ್ಚು ಬೇಕು, ಕೋನದ ತಪ್ಪಿಗೂ ಕ್ಷಮೆ ತಪ್ಪುತ್ತದೆ. ಅಮೆರಿಕದ ಸಿಲ್ವರ್‌ಬರ್ಗ್ ಮತ್ತು ಟ್ರಾನ್ ಎಂಬ ವಿಜ್ಞಾನಿಗಳು ಗಣಕಯಂತ್ರದಲ್ಲಿ ಲೆಕ್ಕ ಮಾಡಿ 2008ರಲ್ಲಿ ಹೇಳಿದ ಕೋನ 52 ಡಿಗ್ರಿ. ಜೊತೆಗೆ ಚೆಂಡು ಸೆಕೆಂಡಿಗೆ ಮೂರು ಸುತ್ತಿನಂತೆ ಹಿಮ್ಮುಖವಾಗಿ ತಿರುಗುತ್ತಿದ್ದರೆ ಒಳ್ಳೆಯದೆಂದರು. ಹಾಗೆ ತಿರುಗುವ ಚೆಂಡು ಬಳೆಗೆ ಬಡಿದಾಗ ಘರ್ಷಣೆಯು ಅದರ ಮುನ್ನುಗ್ಗುವ ವೇಗವನ್ನು ತಗ್ಗಿಸುವುದರಿಂದ ಪುಟಿತ ಮೆದುವಾಗುತ್ತದೆ.

ರಿಕ್ ಬ್ಯಾರಿ ಎಂಬ ಆಟಗಾರನು ಎರಡು ಕೈಗಳಿಂದ ಸೊಂಟದ ಕೆಳಗಿನಿಂದ ಎಸೆದು ನೂರಕ್ಕೆ ತೊಂಬತ್ತರ ಸಮೀಪ ಗಳಿಸಿದನು. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ ನೂರು ಅಂಕ ಪಡೆದ ವಿಲ್ಟ್ ಚೇಂಬರ್‌ಲೇನ್ ಅಂದು ಇದೇ ರೀತಿ ಎಸೆದು 32ರಲ್ಲಿ 28ನ್ನು ಹಾಕಿದನು. ಆದರೂ ಈ ಕ್ರಮ ಹರಡಲಿಲ್ಲ. ನೋಡಲು ಚೆನ್ನಾಗಿಲ್ಲವೆಂಬುದೇ ಆಕ್ಷೇಪ! ಅಂಕಪಟ್ಟಿಯಲ್ಲಿ ಅಂದಚೆಂದಕ್ಕೆ ಕಾಲಂ ಇಲ್ಲವೆಂಬುದನ್ನು ಆಟಗಾರರು ಮರೆಯುವರು.

ಇದುವರೆಗಿನ ಲೆಕ್ಕ ಒಳಾಂಗಣಕ್ಕೆ ಸರಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಲಾ ಕಾಲೇಜು ಹುಡುಗರು ಆಡುವುದು ಬಹುಮಟ್ಟಿಗೆ ಬಯಲಿನಲ್ಲಿ. ನಮ್ಮ ಸೀಮೆಯ ಗಾಳಿ ಎಂತಹುದೆಂಬುದಕ್ಕೆ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಚೆಂಡಿನ ತೂಕ ಆರುನೂರು ಗ್ರಾಂ, ಹಾರುವ ಕಾಲ ಸುಮಾರು 0.94 ಸೆಕೆಂಡು. ಗಂಟೆಗೆ ಏಳು ಕಿಲೋಮೀಟರಿನ ತಂಗಾಳಿ ಪಕ್ಕದಿಂದ ಬೀಸಿದರೆ ಚೆಂಡು ಹತ್ತು ಸೆಂಟಿಮೀಟರಿನಷ್ಟು ಸರಿಯುತ್ತದೆ. ಹದಿನೆಂಟು ಕಿಲೋಮೀಟರಿನ ಆಷಾಢದ ಗಾಳಿಯಾದರೆ ಮೂವತ್ತು ಸೆಂಟಿಮೀಟರಿಗೂ ಹೆಚ್ಚು. ಬಳೆಯ ಅರ್ಧವ್ಯಾಸ ಇಪ್ಪತ್ತೆರಡೂವರೆ ಮಾತ್ರ. ಎದುರುಗಾಳಿಯ ಪರಿಣಾಮ ಇದಕ್ಕೂ ಮಿಗಿಲು.

ಗಾಳಿ ನಿಲ್ಲಲೆಂದು ಕಾಯಲು ರೆಫರಿಯು ಐದು ಸೆಕೆಂಡಿಗಿಂತ ಹೆಚ್ಚು ಕೊಡಲಾರ. ಆದುದರಿಂದ ಇಲ್ಲಿಯ ಆಟಗಾರನು ಚೆಂಡು ಕೈಗೆ ಬರುವ ಮುನ್ನವೇ ಅಂಗಳದ ಧೂಳನ್ನೋ ಬಳೆಗೆ ಕಟ್ಟಿದ ಬಲೆಯ ಓಲಾಟವನ್ನೋ ಗಮನಿಸಿಟ್ಟುಕೊಳ್ಳಬೇಕು. ತಂಗಾಳಿಯಿದ್ದರೆ ಗಾಳಿ ಬರುವ ಕಡೆಗೆ ಒಂದು ಅಂಗೈ ಅಗಲ ಸರಿಸಿ ಗುರಿಯಿಡಬೇಕು. ಬಲೆ ಪೂರಾ ಒಂದು ಪಕ್ಕಕ್ಕೆ ವಾಲಿದ್ದರೆ ಮೂರು ಅಂಗೈ.