ಮನೆಯ ಮುಂದೊಂದು ಒಡ್ಡು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸಾಗುವವನ ದೃಷ್ಟಿ ಗೋಳಗುಮ್ಮಟದತ್ತ ಮೇಲೇರುವುದು ಸಹಜ. ಆದರೆ ಹೋದ ವರ್ಷ ಹುಬ್ಬಿ ಮಳೆ ಸುರಿದ ಮರುದಿನ ನಾನು ಅಲ್ಲಿ ತಲೆ ತಗ್ಗಿಸಿ ನಡೆಯಬೇಕಾಯಿತು. ರಸ್ತೆಗೆ ಹೊಂದಿದ ಓಣಿಯಲ್ಲಿ ಮನೆಗೆಂದು ಪಾಯ ತೋಡಿಸಿ, ಎರೆಮಣ್ಣನ್ನು ಬೀದಿಯ ಅಂಚಿಗೇ ಗುಡ್ಡೆ ಹಾಕಿಸಿದ್ದೆ. ಎರಡು ತಾಸಿನ ಮಳೆ ಅರ್ಧ ಗುಡ್ಡೆಯನ್ನು ಗಟಾರಕ್ಕೆ ಒಯ್ದಿತು. ಗಟಾರ ಕಟ್ಟಿ, ನೀರು ಪಕ್ಕದ ಹಿಟ್ಟಿನ ಗಿರಣಿಗೆ ನುಗ್ಗಿತು.

"ಮೂರು ಚೀಲ ಜ್ವಾಳ ತೊಯ್ದಾವ್ರೀ ಸರ್" ಎಂದಳು ಗಿರಣಿಯ ಅಜ್ಜಿ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನನ್ನ ಗೌಂಡಿ ಮೆಲ್ಲನೆ ಕೇಳಿದ: "ಹೊಲದಾಗ ಮಣ್ಣ ಹೋಗಬಾರದಂತ ಒಡ್ಡ ಹಾಕತೀವಿ. ಓಣ್ಯಾಗ ಯಾಕ ಬ್ಯಾಡ್ರೀ?"

ಪ್ರಶ್ನೆ ಸಣ್ಣದಲ್ಲ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಎರೆಮಣ್ಣು ನೀರನ್ನು ನಿಧಾನವಾಗಿ ಹೀರುತ್ತದೆ. ರಭಸದ ಮಳೆಗೆ ಮೇಲ್ಪದರವೇ ಹರಿದು ಹೋಗುತ್ತದೆ. ಇದನ್ನರಿತೇ 1933ರಲ್ಲಿ ಅಂದಿನ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. 1942ರಲ್ಲಿ ಮುಂಬಯಿ ಪ್ರಾಂತವು ಭೂಸುಧಾರಣಾ ಯೋಜನೆಗಳ ಕಾಯಿದೆಯನ್ನು ಮಾಡಿ, ಹೊಲಗಳಲ್ಲಿ ಸಮಪಾತಳಿ ಒಡ್ಡು ಹಾಕಿಸುವ ಕಾರ್ಯಕ್ಕೆ ಬಲ ಕೊಟ್ಟಿತು. ರೈತನಿಗೆ ಒಪ್ಪಿದ ಧರ್ಮ ಪಟ್ಟಣಿಗನಿಗೆ ಒಪ್ಪದೇ?

ಆದಿಲಶಾಹಿ ಶಿಲ್ಪಿಗಳಿಗೂ ಕೆಸರಿನ ಕಾಟ ತಿಳಿದಿತ್ತು. 1651ರಲ್ಲಿ ಮಹಮ್ಮದ ಆದಿಲಶಹ ಕಟ್ಟಿಸಿದ ಬೇಗಂ ತಲಾಬದಿಂದ ನಗರಕ್ಕೆ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ನಿಲ್ಲಿಸಿದ 'ಗಂಜ'ಗಳೆಂಬ ಗೋಪುರಗಳು ನೀರಿನ ಒತ್ತಡವನ್ನು ತಗ್ಗಿಸುವುದಲ್ಲದೆ, ಕಸರನ್ನು ತಳದಲ್ಲಿ ನಿಲ್ಲಿಸಿ ತಿಳಿನೀರನ್ನಷ್ಟೇ ಮುಂದೆ ಬಿಡುತ್ತಿದ್ದವು.

ಇಂದು ಕಾನೂನೂ ಸುಮ್ಮನಿಲ್ಲ. ಸಾರ್ವಜನಿಕ ಬೀದಿಯಲ್ಲಿ ಅಡ್ಡಿಯಾಗುವಂತೆ ಸಾಮಗ್ರಿ ಒಟ್ಟುವುದನ್ನು 1976ರ ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮ ತಡೆಯುತ್ತದೆ. ಕಟ್ಟಡದ ತ್ಯಾಜ್ಯವನ್ನು ಕುರಿತು 2016ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳು, ಅದನ್ನು ನಿವೇಶನದೊಳಗೇ ಇಡಬೇಕು ಇಲ್ಲವೆ ಗೊತ್ತುಪಡಿಸಿದ ಸ್ಥಳಕ್ಕೆ ಸಾಗಿಸಬೇಕು, ಸಂಚಾರಕ್ಕಾಗಲಿ ಗಟಾರಕ್ಕಾಗಲಿ ತಡೆಯಾಗಬಾರದು ಎಂದು ವಿಧಿಸಿದವು. ನಿಯಮ ಕಾಗದದಲ್ಲಿದ್ದು, ಮಣ್ಣು ಬೀದಿಯಲ್ಲಿದ್ದರೆ ಫಲವೇನು?

ಎರೆಮಣ್ಣು ನೀರುಂಡು ಉಬ್ಬಿ, ಒಣಗಿ ಬಿರಿಯುವುದರಿಂದ ಅದನ್ನು ಆಳಕ್ಕೆ ತೆಗೆದು ಗರಸು ತುಂಬುವುದು ಇಲ್ಲಿಯ ರೂಢಿ. ಆದುದರಿಂದ ಸಣ್ಣ ಮನೆಯಿಂದಲೂ ಹೆಚ್ಚು ಮಣ್ಣು ಹೊರಬೀಳುತ್ತದೆ. ಉಪಾಯಗಳು ಮಾತ್ರ ಸುಲಭವಾಗಿವೆ. ಪಾಯದ ಕೆಲಸವನ್ನು ಬೇಸಗೆಯಲ್ಲಿಯೇ ಮುಗಿಸುವುದು. ಗುಡ್ಡೆಯನ್ನು ಗಟಾರದಿಂದ ದೂರ, ನಿವೇಶನದೊಳಗೆ ಹಾಕಿ ತಾಡಪತ್ರಿ ಹೊದಿಸುವುದು. ಇಳಿಜಾರಿನ ಕಡೆಗೆ ಮರಳು ತುಂಬಿದ ಚೀಲಗಳ ಸಾಲಿಡುವುದು. ಕೆಸರು ನೀರು ತಂಗಲು ಒಂದು ತಗ್ಗು ತೋಡುವುದು. ಗಾಡಿಯ ಗಾಲಿಗೆ ಮಣ್ಣಂಟದಂತೆ ಬಾಗಿಲಲ್ಲಿ ಖಡಿ ಹರಡುವುದು. ಉಳಿದ ಮಣ್ಣನ್ನು ಬೇಕೆಂಬ ರೈತರಿದ್ದೇ ಇದ್ದಾರೆ.

ಅಜ್ಜಿಗೆ ಜೋಳದ ಬೆಲೆ ಕೊಟ್ಟೆ. ಗೌಂಡಿ ಅಂದೇ ಚೀಲಗಳನ್ನು ಸಾಲಾಗಿ ಜೋಡಿಸಿದ. ಮುಂದೆ ಉತ್ತರಿ ಮಳೆ ಬಂದ ರಾತ್ರಿ ನಿದ್ದೆ ಹತ್ತದೆ ಹೊರಗೆ ಹೋಗಿ ನೋಡಿದೆ. ಗಟಾರ ಹರಿಯುತ್ತಿತ್ತು, ಗಿರಣಿಯ ಹೊಸ್ತಿಲು ಒಣಗಿತ್ತು. ಹೊಲದ ಒಡ್ಡು ನಮ್ಮ ಮಣ್ಣನ್ನು ಕಾಯುತ್ತದೆ, ಓಣಿಯ ಒಡ್ಡು ನೆರೆಯವರ ಅನ್ನವನ್ನು ಕಾಯುತ್ತದೆ.