ಒಂಟಿ ವಿಜ್ಞಾನ ಶಿಕ್ಷಕರಿಗೆ ಪರದೆಯಾಚೆಯ ಸಹೋದ್ಯೋಗಿಗಳು

ನಾನು ವೈದ್ಯನಾಗಿ ನೆಲೆಸಿರುವ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ ವಿಸ್ತಾರದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿಗೂ ಮಿಗಿಲು. ಜನಸಂಖ್ಯೆ ಮಾತ್ರ ಸುಮಾರು 21 ಲಕ್ಷ. ಇಲ್ಲಿನ ಸಣ್ಣ ಊರುಗಳ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಒಬ್ಬರೇ ಬೋಧಿಸುವುದು ಅಪರೂಪವಲ್ಲ. ಇಂತಹ ಹುದ್ದೆಗಳಿಗೆ ಜೆ-1 ವೀಸಾ ಪಡೆದು ನಮ್ಮ ದೇಶದ ಶಿಕ್ಷಕರೂ ಬರುತ್ತಾರೆ.

ನನಗೆ ಪರಿಚಿತರಾದ ಕನ್ನಡತಿಯೊಬ್ಬರು ಅಂತಹ ಶಾಲೆಯೊಂದರಲ್ಲಿದ್ದಾರೆ. ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರವೂ ಅವರ ಪಾಲಿಗೇ ಬಂತು. ಪ್ರಯೋಗಾಲಯದ ಕಪಾಟಿನಲ್ಲಿ ಹಿಂದಿನವರು ಬಿಟ್ಟುಹೋದ, ಹೆಸರಿನ ಚೀಟಿ ಉದುರಿದ ಶೀಷೆಗಳಿದ್ದವು. ಏನು ಮಾಡಬೇಕೆಂದು ಕೇಳೋಣವೆಂದರೆ ಪಕ್ಕದ ಕೊಠಡಿಯಲ್ಲಿದ್ದವರು ಇತಿಹಾಸದ ಅಧ್ಯಾಪಕರು. ಆ ರಾತ್ರಿ ಅವರು ವಿಜ್ಞಾನ ಶಿಕ್ಷಕರ ಅಂತರ್ಜಾಲ ಬಳಗವೊಂದರಲ್ಲಿ ಪ್ರಶ್ನೆಯಿಟ್ಟರು. ಮುಚ್ಚಳ ತೆರೆಯಬೇಡಿ, ಸಿಂಕಿಗೆ ಸುರಿಯಬೇಡಿ, ಕಪಾಟಿಗೆ ಬೀಗ ಹಾಕಿ ಆಡಳಿತಕ್ಕೆ ಲಿಖಿತವಾಗಿ ತಿಳಿಸಿ ಎಂಬ ಉತ್ತರ ಬೆಳಗಾಗುವಷ್ಟರಲ್ಲಿ ಬಂದಿತ್ತು. ಮೊದಲ ವರ್ಷವೇ ಊರಿಗೆ ಮರಳುವ ಯೋಚನೆಯಲ್ಲಿದ್ದ ಅವರು ಇಂದಿಗೂ ಅಲ್ಲಿಯೇ ಬೋಧಿಸುತ್ತಿದ್ದಾರೆ. ಅವರು ಹೊರಟಿದ್ದರೆ ಆ ಮಕ್ಕಳಿಗೆ ಭೌತಶಾಸ್ತ್ರದ ತರಗತಿಯೇ ಇರುತ್ತಿರಲಿಲ್ಲ.

ಈ ಏಕಾಂಗಿತನ ವೈದ್ಯವೃತ್ತಿಗೂ ಹೊಸದಲ್ಲ. 2003ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಯಕೃತ್ ತಜ್ಞ, ಭಾರತೀಯ ಮೂಲದ ಡಾ. ಸಂಜೀವ್ ಅರೋರಾ ‘ಪ್ರಾಜೆಕ್ಟ್ ಎಕೋ’ ಆರಂಭಿಸಿದರು. ಹೆಪಟೈಟಿಸ್-ಸಿ ರೋಗಿಗಳನ್ನು ದೂರದ ನಗರಕ್ಕೆ ಕರೆಸುವ ಬದಲು ಗ್ರಾಮೀಣ ವೈದ್ಯರನ್ನೇ ವಾರವಾರವೂ ವಿಡಿಯೊ ಮೂಲಕ ತಜ್ಞರೊಡನೆ ಕೂಡಿಸಿದರು. 407 ರೋಗಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಿಶ್ವವಿದ್ಯಾಲಯದಲ್ಲಿ ಶೇ 57.5ರಷ್ಟು, ಗ್ರಾಮೀಣ ಹಾಗೂ ಕಾರಾಗೃಹ ಕೇಂದ್ರಗಳಲ್ಲಿ ಶೇ 58.2ರಷ್ಟು ಮಂದಿ ವೈರಾಣುಮುಕ್ತರಾಗಿದ್ದರು. ಅಲ್ಲಿ ಉಪನ್ಯಾಸಕ್ಕಿಂತ ಮುಖ್ಯವಾದುದು, ಪ್ರತಿಯೊಬ್ಬರೂ ತಮ್ಮೆದುರಿನ ತೊಡಕನ್ನು ಸಂಕೋಚವಿಲ್ಲದೆ ಮುಂದಿಡುವುದು. ಶಿಕ್ಷಕರ ಬಳಗಗಳಿಂದಲೂ ಪ್ರಯೋಜನವಾಗುವುದು ಹೀಗೆ ನಡೆದಾಗಲೇ ಎಂಬುದು ನನ್ನ ಅನಿಸಿಕೆ.

ಆದರೆ ಎಚ್ಚರವೂ ಅಗತ್ಯ. ನಾವು ರೋಗಿಯ ಗುರುತನ್ನು ಕಾಪಾಡುವಂತೆ, ವಿದ್ಯಾರ್ಥಿಗಳ ಹೆಸರು, ಚಿತ್ರ, ಅಂಕಗಳನ್ನು ಶಿಕ್ಷಕರು ಬಳಗದಲ್ಲಿ ಹಂಚಬಾರದು. ಅದಕ್ಕೆ ಇಲ್ಲಿ ಕಾನೂನಿನ ನಿರ್ಬಂಧವೂ ಇದೆ.

ಬರಲಿಚ್ಛಿಸುವ ಶಿಕ್ಷಕರು ವೇತನದ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಸಂದರ್ಶನದಲ್ಲಿಯೇ ಕೇಳಲಿ: ಎಷ್ಟು ವಿಷಯ ಬೋಧಿಸಬೇಕು? ಶಾಲೆಯಲ್ಲಿ ಮತ್ತೊಬ್ಬ ವಿಜ್ಞಾನ ಶಿಕ್ಷಕರಿದ್ದಾರೆಯೇ? ಇಲ್ಲವೆಂಬ ಉತ್ತರ ಬಂದರೆ, ವಿಮಾನ ಹತ್ತುವ ಮೊದಲೇ ಇಂತಹ ಬಳಗವೊಂದನ್ನು ಸೇರುವುದು ಒಳಿತು. ಮನೆಯವರೂ ಇದನ್ನರಿತರೆ, ಇರುಳಿನಲ್ಲಿ ಮಗಳು ಕಂಪ್ಯೂಟರಿನ ಮುಂದೆ ಕುಳಿತಿರುವುದನ್ನು ಕಾಲಹರಣವೆಂದು ಭಾವಿಸಲಾರರು.